ಸಾಲು ಇನ್ನೂರ ಹದಿನಾಲ್ಕು

ತೋರ್ಸ್‌ಹಾವ್ನ್ ಬಂದರಿನ ಮೇಲಿನ ಈ ಕೋಣೆಗೆ
ನಾನು ಬಂದಾಗ
ಹಾನುಸ್ ನಿವೃತ್ತನಾಗಿ ಒಂಬತ್ತು ದಿನ.
ಅವನ ಕಾಫಿ ಲೋಟ ಕಿಟಕಿಯಲ್ಲೇ ಇತ್ತು,
ತಳದಲ್ಲಿ ಒಣಗಿದ ಕಂದು ಉಂಗುರ.
ಜೊತೆಗೆ ಸಿ ಭಾಷೆಯ ಆರು ಸಾವಿರ ಸಾಲು:
ದ್ವೀಪ ದ್ವೀಪದ ಸಂದಿಯಲ್ಲಿ ನುಗ್ಗುವ ನೀರಿನ ಲೆಕ್ಕ.
ಎಷ್ಟು ಹೊತ್ತಿಗೆ ಉತ್ತರಕ್ಕೆ,
ಎಷ್ಟು ಹೊತ್ತಿಗೆ ದಕ್ಷಿಣಕ್ಕೆ,
ಎಷ್ಟು ಹೊತ್ತಿಗೆ ಎತ್ತಲೂ ಇಲ್ಲ.

ಆ ಎತ್ತಲೂ ಇಲ್ಲದ ಇಪ್ಪತ್ತು ನಿಮಿಷ ನಂಬಿ
ಯುಸ್ತಿನುಸ್ ಟಪಾಲಿನ ದೋಣಿ ಬಿಡುತ್ತಾನೆ.

ಹೊಸ ಜಲಸಂಧಿಗೆ ನಾನೇ ಬರೆದೆ ಒಂದು ಫಂಕ್ಷನ್,
ಹೊತ್ತು ಕೊಟ್ಟರೆ ಸೆಳೆತ ಹೇಳುವಂಥದು.
ಫ್ಲೋಟ್ ಸಾಕೆಂದುಕೊಂಡೆ;
ನೀರಿಗಿಳಿಸಿದ ಮಾಪಕ ಮೂರೇ ದಶಾಂಶ ಓದುತ್ತದೆ,
ಇಲ್ಲದ ನಿಖರತೆಯ ಜಂಬ ಯಾಕೆ?
ಅದರ ವಿಳಾಸವನ್ನು ಹಾನುಸ್‌ನ ಅನುಕಲನಕ್ಕೆ ಕೊಟ್ಟೆ.
ಕಂಪೈಲರ್ ನೇರಳೆ ಅಕ್ಷರದಲ್ಲಿ ಗೊಣಗಿತು:
ಸಾಲು ಇನ್ನೂರ ಹದಿನಾಲ್ಕು,
ಕೇಳಿದ ಪಾಯಿಂಟರೇ ಬೇರೆ, ಕೊಟ್ಟದ್ದೇ ಬೇರೆ.

ಎಚ್ಚರಿಕೆ ತಾನೆ, ತಪ್ಪೆಂದಿಲ್ಲವಲ್ಲ.
ಮಧ್ಯಾಹ್ನ ಮೂರಕ್ಕೇ ಕತ್ತಲು, ಗಾಳಿಗೆ ಬಾಗಿಲು ಬಡಿಯುತ್ತಿತ್ತು,
ಮಗಳನ್ನು ಈಜಿನ ಕೊಳದಿಂದ ಕರೆತರಬೇಕಿತ್ತು.
ಹೆಸರಿನ ಮುಂದೆ ಒಂದು ಆವರಣ ತೆರೆದು
ಅದಲ್ಲದ ಗುರುತನ್ನು ಅದಕ್ಕೆ ಬರೆದೆ,
ಮದುವೆಮನೆಗೆ ಎರವಲು ಕೋಟು ತೊಡಿಸಿದ ಹಾಗೆ.
ನೇರಳೆ ಅಕ್ಷರ ಮಾಯ.
ಕೋಷ್ಟಕ ಅಚ್ಚಾಯಿತು.

ಮರುದಿನ ಯುಸ್ತಿನುಸ್ ಒದ್ದೆ ಬೂಟಿನಲ್ಲೇ ಒಳಬಂದ.
ಹಾಳೆಯನ್ನು ಮೇಜಿನ ಮೇಲೆ ಹರಡಿ ನಕ್ಕ:
ಬೈಂತಾ, ನಿನ್ನ ಈ ಕಾಗದದ ಪ್ರಕಾರ
ನೀರು ಇಡೀ ದಿನ ಒಂದೇ ಕಡೆ ಒಂದೇ ವೇಗ.
ಹೋಗುವುದೇನೋ ಹೋಗಬಹುದು, ವಾಪಸು ಬರುವುದು ಹೇಗೆ?

ನೋಡಿದೆ.
ಆರೂವರೆಗೆ, ಏಳೂಕಾಲಿಗೆ, ಹನ್ನೊಂದೂಮುಕ್ಕಾಲಿಗೆ
ಸೆಳೆತ ಅದೇ, ಅದೇ, ಅದೇ.
ಕಡಲು ನಡುರಾತ್ರಿಯ ಸೊನ್ನೆಯಲ್ಲಿ ನಿಂತುಬಿಟ್ಟಿತ್ತು.

ಸಂಜೆಯಿಡೀ ಬಿಟ್ ಬಿಟ್ ಬಿಡಿಸಿದೆ.
ಕರೆಯುವವನು ಇಟ್ಟದ್ದು ಅರವತ್ತನಾಲ್ಕು ಬಿಟ್ಟಿನ ಡಬಲ್.
ನನ್ನ ಫಂಕ್ಷನ್ ಬಂದು
ಕೆಳಗಿನ ಮೂವತ್ತೆರಡನ್ನಷ್ಟೇ ಎತ್ತಿಕೊಂಡು ಹೋಯಿತು,
ಪತ್ರ ಬಿಟ್ಟು ಲಕೋಟೆಯ ಅಂಚನ್ನು ಒಯ್ದವರ ಹಾಗೆ.
ಕಾಲು, ಅರೆ, ಮುಕ್ಕಾಲು, ಇಂಥ ದುಂಡು ಹೊತ್ತುಗಳ
ಜೀವವೆಲ್ಲ ಮೇಲಿನ ಅರ್ಧದಲ್ಲಿ;
ಕೆಳಗಿರುವುದು ಬರೀ ಸೊನ್ನೆಗಳ ಸಾಲು.
ಏನು ಕೇಳಿದರೂ ಅದಕ್ಕೆ ಕೇಳಿಸಿದ್ದು: ಸೊನ್ನೆ ಗಂಟೆ.
ಪಾಪ, ಕೇಳಿಸಿದ್ದಕ್ಕೆ ಸರಿಯಾಗಿಯೇ ಉತ್ತರಿಸಿತ್ತು.

ಆವರಣವನ್ನು ಅಳಿಸಿದೆ. ನೇರಳೆ ಅಕ್ಷರ ಮರಳಿ ಬಂತು,
ಮುನಿಸಿಲ್ಲದೆ, ಅದೇ ಸಾಲಿಗೆ.
ಈ ಸಲ ಪೂರ್ತಿ ಓದಿದೆ:
ಏನು ನಿರೀಕ್ಷೆಯೆಂದು ಅಲ್ಲೇ ಕೆಳಗೆ
ಅಕ್ಷರ ಬಿಡದೆ ಬರೆದಿತ್ತಲ್ಲ.
ಫಂಕ್ಷನ್ನಿನ ತಲೆಸಾಲನ್ನೇ ತಿದ್ದಿದೆ:
ಮೊದಲನೆಯದು ಡಬಲ್,
ಎರಡನೆಯದು ಯಾವ ಜಾತಿಯೂ ಇಲ್ಲದ ವಾಯ್ಡ್ ಪಾಯಿಂಟರ್.
ಜಲಸಂಧಿಯ ಆಳ, ಅಗಲ, ಚಂದ್ರನ ತಡ
ಎಲ್ಲ ಆ ಗಂಟಿನಲ್ಲಿ;
ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ
ಗಂಟು ಕಟ್ಟಿದವಳೇ ಬಿಚ್ಚಿ ಹೆಸರಿಟ್ಟು ಕರೆಯಬೇಕು.

ಕಂಪೈಲರ್ ಸುಮ್ಮನಾಯಿತು.
ನಿನ್ನೆಯೂ ಹೀಗೇ ಸುಮ್ಮನಿತ್ತು.
ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ,
ಅದೇ ಖಾಲಿ ಸಾಲು, ಅದೇ ಮಿಟುಕುವ ಗೆರೆ.

ಹಾನುಸ್‌ಗೆ ಫೋನು ಮಾಡಿದೆ.
ಲೋಟ ಬೇಕಾದರೆ ನೀನೇ ಇಟ್ಟುಕೋ, ಅಂದ.
ಹಿಂದೆ ಯಾವುದೋ ಎಂಜಿನ್ನು ಕೆಮ್ಮುತ್ತಿತ್ತು.
ಇನ್ನೂರ ಹದಿನಾಲ್ಕರ ಮಾತೆತ್ತುವ ಮೊದಲೇ ಇಟ್ಟುಬಿಟ್ಟ.

ಆಮೇಲೆ ಅವನ ಆರು ಸಾವಿರ ಸಾಲಿನಲ್ಲಿ
ಅಂಥ ಆವರಣ ಎಷ್ಟಿವೆಯೆಂದು ಹುಡುಕಿದೆ.
ಹದಿನೇಳು.
ನಾಲ್ಕನೆಯದರ ಪಕ್ಕ ಅವನದೇ ಟಿಪ್ಪಣಿ:
ಸದ್ಯಕ್ಕೆ ಹೀಗಿರಲಿ, ಸೋಮವಾರ ನೋಡುತ್ತೇನೆ.
ಯಾವ ವರ್ಷದ ಸೋಮವಾರವೋ.

ಕಿಟಕಿಯಾಚೆ ದೀಪವೊಂದು ಬಂದರು ಬಿಟ್ಟಿತು.
ಗಡಿಯಾರ ನೋಡಿದೆ, ಕೋಷ್ಟಕ ನೋಡಿದೆ,
ದೀಪ ಮೊನೆಯ ಬಂಡೆ ದಾಟುವ ತನಕ
ಐದನೆಯದನ್ನು ತೆರೆಯಲಿಲ್ಲ.